ಕೌದಿ ಉದ್ಯೋಗಕ್ಕೆ ಸಬ್ಸಿಡಿ: ಮೊದಲು ಜಾಗ ನೋಡಿ
ಪುಣೆಯಲ್ಲಿ ಕೌದಿ, ದಿಂಬಿನ ಕವರು ಹೊಲಿಯುವ ಘಟಕಕ್ಕೆ ಪಿಎಂಇಜಿಪಿ (ಹೊಸ ಉದ್ಯೋಗಕ್ಕೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರ ಸರ್ಕಾರದ ಯೋಜನೆ) ಅರ್ಜಿ ಹಾಕುವ ಅಕ್ಕಂದಿರೇ, ಹೊಲಿಗೆಯ ಜಾಗವನ್ನು ಮಹಾನಗರಪಾಲಿಕೆ ಹದ್ದಿನ ಹೊರಗೆ, ಪೌಡ್ ಕಡೆಯಂಥ ಗ್ರಾಮ ಪಂಚಾಯಿತಿಯಲ್ಲಿ ಹಿಡಿಯಿರಿ. ಸಬ್ಸಿಡಿ ಎಷ್ಟು ಎಂಬುದು ಘಟಕ ಇರುವ ಜಾಗದ ಮೇಲೆ ನಿಂತಿದೆ: ಹೆಂಗಸರಿಗೆ ನಗರದಲ್ಲಿ ಶೇ. 25, ಹಳ್ಳಿಯಲ್ಲಿ ಶೇ. 35. ಅಂದರೆ 4 ಲಕ್ಷದ ಯೋಜನೆಗೆ 40 ಸಾವಿರ ಹೆಚ್ಚು, ಸಣ್ಣ ಮೊತ್ತವೇನಲ್ಲ. ಅರ್ಜಿಗೆ ಗ್ರಾಮೀಣ ಪ್ರದೇಶದ ಪ್ರಮಾಣಪತ್ರ ಮರೆಯದೆ ಲಗತ್ತಿಸಿ. ಆಗಲೇ ನಡೆಯುತ್ತಿರುವ ಘಟಕಕ್ಕೆ ಇದು ಸಿಗುವುದಿಲ್ಲ. ಮುದ್ರಾ ಸಾಲ ತೀರಿಸಿ ಲಾಭದಲ್ಲಿರುವವರು ವಿಸ್ತರಣೆ ಸಾಲ ಕೇಳಬಹುದು, ಅದಕ್ಕೆ ಸಬ್ಸಿಡಿ ಶೇ. 15 ಮಾತ್ರ. ಇನ್ನೊಂದು: ಸಬ್ಸಿಡಿ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಅದನ್ನು ನಂಬಿ ಬಟ್ಟೆ ಅಂಗಡಿಯವರಿಗೆ ಹಣ ಕೊಡುವ ಮಾತು ಕೊಡಬೇಡಿ.