ಮಲಗಿರುವ ಜೋಸೆಫರ ಕೆಳಗೆ ಇಟ್ಟ ಚೀಟಿಗಳು

ಯೇಸುವಿನ ಸಾಕುತಂದೆ ಸಂತ ಜೋಸೆಫರು ಆಡಿದ ಒಂದೇ ಒಂದು ಮಾತೂ ಬೈಬಲಿನಲ್ಲಿ ಇಲ್ಲ. ಕನಸಿನಲ್ಲಿ ದೇವದೂತ ಹೇಳುತ್ತಾನೆ, ಇವರು ಎದ್ದು ಮಾಡುತ್ತಾರೆ, ಅಷ್ಟೇ. ಅಪ್ಪನಾದ ಮೇಲೆ ನನ್ನ ಕೈ ಹಿಡಿದು ನಡೆಸಿದವರು ಅವರೇ.

ನಮ್ಮ ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು. ತೂಕ 1,400 ಗ್ರಾಂ. ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದಳು, ಮೂಗಿಗೆ ನಳಿಗೆ, ಪುಟ್ಟ ಪಾದಕ್ಕೆ ಸುತ್ತಿದ ಪಟ್ಟಿಯಲ್ಲಿ ಒಂದು ಕೆಂಪು ದೀಪ. ಡಾಕ್ಟರನ್ನು ಕೇಳಿದರೆ "ಇವತ್ತು ಪರವಾಗಿಲ್ಲ, ನಾಳೆ ನೋಡೋಣ" ಅನ್ನುತ್ತಿದ್ದರು. ನನಗೋ ನಾಳೆ, ನಾಡಿದ್ದು, ಅವಳು ಶಾಲೆಗೆ ಹೋಗುವುದು, ಎಲ್ಲಾ ಈಗಲೇ ಗೊತ್ತಾಗಬೇಕಿತ್ತು.

ಆಗ ಅತ್ತೆ ಮಲಗಿರುವ ಜೋಸೆಫರ ಪುಟ್ಟ ಪ್ರತಿಮೆ ತಂದುಕೊಟ್ಟರು. ಪೋಪ್ ಫ್ರಾನ್ಸಿಸರ ಮೇಜಿನ ಮೇಲೂ ಇಂಥದ್ದೇ ಇತ್ತು. ಕಷ್ಟ ಬಂದಾಗ ಚೀಟಿ ಬರೆದು ಅದರ ಕೆಳಗೆ ಇಡುತ್ತೇನೆ ಅಂತ 2015ರ ಜನವರಿಯಲ್ಲಿ ಮನಿಲಾದಲ್ಲಿ ಅವರೇ ಕುಟುಂಬಗಳಿಗೆ ಹೇಳಿದ್ದರು. ನಾನೂ ಶುರು ಮಾಡಿದೆ. ರಾತ್ರಿ ಒಂದು ಚೀಟಿ, ಅದರಲ್ಲಿ ಒಂದೇ ಚಿಂತೆ. ಸುಮ್ನೆ "ಮಗುವನ್ನು ಕಾಪಾಡಿ" ಅಂತ ಬರೆದರೆ ಮನಸ್ಸು ಹಗುರಾಗುವುದಿಲ್ಲ, "ಉಸಿರು ಆಗಾಗ ನಿಲ್ಲುತ್ತಿದೆ, ನನಗೆ ಭಯ" ಅಂತ ಇದ್ದದ್ದು ಇದ್ದಹಾಗೆ ಬರೆಯಬೇಕು. ಮಡಿಸಿ ಇಟ್ಟು ಯೇಸು ಕಲಿಸಿದ ಜಪ ಹೇಳುತ್ತಿದ್ದೆ. "ನಿಮ್ಮ ಚಿತ್ತ ನೆರವೇರಲಿ" ಅನ್ನುವ ಕಡೆ ಗಂಟಲು ಕಟ್ಟುತ್ತಿತ್ತು. ಆದರೂ ಹೇಳುತ್ತಿದ್ದೆ. ಇಟ್ಟ ಚೀಟಿಯನ್ನು ಮತ್ತೆ ತೆಗೆದು ಓದುವ ಹಾಗಿಲ್ಲ.

ಬೈಬಲಿನಲ್ಲಿ ಮತ್ತಾಯನ ಶುಭಸಂದೇಶದ 2ನೇ ಅಧ್ಯಾಯ ಓದಿ ನೋಡಿ. ಈಜಿಪ್ಟಿಗೆ ಓಡಿಹೋಗು, ನಾನು ಹೇಳುವ ತನಕ ಅಲ್ಲೇ ಇರು, ರಾಜ ಹೆರೋದ ಮಗುವನ್ನು ಕೊಲ್ಲಲು ಹುಡುಕಲಿದ್ದಾನೆ, ದೂತ ಹೇಳಿದ್ದು ಇಷ್ಟೇ. ಎಷ್ಟು ವರ್ಷ, ಉಳಿಯುವುದು ಎಲ್ಲಿ, ಹೊಟ್ಟೆಪಾಡಿಗೆ ಏನು, ಒಂದೂ ಇಲ್ಲ. ಜೋಸೆಫರು ಆ ರಾತ್ರಿಯೇ ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಹೊರಟರು. ಮುಂದಿನದ್ದು ಗೊತ್ತಾಗಲು ಇನ್ನೊಂದು ಕನಸಿನ ತನಕ ಕಾಯಬೇಕಿತ್ತು. ಅವತ್ತಿನ ಪಾಲಿನ ಕೆಲಸವನ್ನಂತೂ ಅವರು ಬಿಡಲಿಲ್ಲ.

ನನ್ನ ಪಾಲಿಗೆ ಬಂದದ್ದು ಕಾಂಗರೂ ಆರೈಕೆ. ಹೆಂಡತಿ ಸಿಸೇರಿಯನ್ ನೋವಿನಲ್ಲಿದ್ದಳು. ಸಿಸ್ಟರ್ ನನಗೇ ಹೇಳಿಕೊಟ್ಟರು: ಅಂಗಿ ಬಿಚ್ಚಿ ಒರಗಿ ಕೂರಬೇಕು, ಟೋಪಿ ಮತ್ತು ಡೈಪರ್ ಮಾತ್ರ ಹಾಕಿದ ಮಗುವನ್ನು ಎದೆಗೆ ನೆಟ್ಟಗೆ ಆನಿಸಿಕೊಂಡು, ತಲೆ ಒಂದು ಪಕ್ಕಕ್ಕೆ ತಿರುಗಿಸಿ, ಮೇಲೆ ಬಟ್ಟೆ ಸುತ್ತಬೇಕು. ಅಪ್ಪಂದಿರೂ ಇದನ್ನು ಮಾಡಬಹುದು ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ನನ್ನ ಮೈಶಾಖಕ್ಕೆ ಅವಳ ಕೈಕಾಲು ಬೆಚ್ಚಗಾಗುತ್ತಿತ್ತು, ನಾನು ಬೆರಳಲ್ಲೇ ಜಪಸರ ಎಣಿಸುತ್ತಿದ್ದೆ.

ಪಕ್ಕದ ಪೆಟ್ಟಿಗೆಯ ಮಗು ಉಳಿಯಲಿಲ್ಲ. ಆ ಅಪ್ಪನೂ ನನ್ನಷ್ಟೇ ಬೇಡಿಕೊಂಡಿದ್ದರು. "ಎಲ್ಲಾ ದೇವರ ಯೋಜನೆ" ಅಂತ ಅವರಿಗೆ ನಾನು ಹೇಳಲಿಲ್ಲ, ಪಕ್ಕದಲ್ಲಿ ಕೂತೆ. ದಯವಿಟ್ಟು ನೀವೂ ಯಾರಿಗೂ ಹಾಗೆ ಹೇಳಬೇಡಿ. ಆ ಮಾತನ್ನು ಒಬ್ಬ ಮನುಷ್ಯ ತನ್ನ ದುಃಖದ ಬಗ್ಗೆ ಹೇಳಿಕೊಳ್ಳಬಹುದು, ಇನ್ನೊಬ್ಬರ ದುಃಖದ ಬಗ್ಗೆ ಅಲ್ಲ.

ಮಗಳು ಈಗ ಮನೆ ತುಂಬಾ ಓಡಾಡುತ್ತಾಳೆ. ಮಾತು ಮಾತ್ರ ಸ್ವಲ್ಪ ತಡ. ಅದನ್ನೂ ಬರೆದು ಇಟ್ಟಿದ್ದೇನೆ, ಗುರುವಾರ ಸ್ಪೀಚ್ ಥೆರಪಿಗೆ ಕರೆದುಕೊಂಡು ಹೋಗಲು ರಜೆಯನ್ನೂ ಹಾಕಿದ್ದೇನೆ.