ಎರಡೂಕಾಲು ಅಡಿ ಹಲಗೆ ಮೇಲೆ ಕಾದಂಬರಿ ಮುಗಿಸಿದ ಕಥೆ

ನಾನು ಕಾದಂಬರಿ ಬರೆದ ಹಲಗೆ ಅಳತೆ ಎಷ್ಟು ಅಂತ ಕೇಳ್ಕೊಂಡು ಹೋದ ವಾರ ಎರಡು ಫೋನ್ ಬಂತು. ಇಬ್ರೂ ನಮ್ಮ ಬರೆಯೋರ ಶನಿವಾರದ ಗುಂಪಿನವರೇ, ಎರಡು ವರ್ಷದ ಹಿಂದೆ "ಅಡುಗೆಮನೇಲಿ ಕೂತು ಕಾದಂಬರಿನಾ ಗುರೂ, ಓದೋವಾಗ ಹುಳಿ ವಾಸನೆ ಬಂದೀತು" ಅಂತ ನಕ್ಕಿದ್ದವರು. ಎರಡೂಕಾಲು ಅಡಿ ಉದ್ದ, ಒಂದೂಕಾಲು ಅಡಿ ಅಗಲ. ಅಷ್ಟು ಹೇಳಿ ಫೋನ್ ಇಟ್ಟೆ, ಆದ್ರೆ ಬರೀ ಅಳತೆ ಇಟ್ಕೊಂಡು ಅವರು ಏನ್ ಮಾಡ್ತಾರೋ ಗೊತ್ತಿಲ್ಲ, ಅದರ ಹಿಂದೆ ಹಾಳಾದ ದುಡ್ಡಿನ ಕಥೆ ದೊಡ್ಡದಿದೆ, ಹಾಗಾಗಿ ಒಂದೇ ಸಲ ಎಲ್ಲ ಬರೆದು ಹಾಕ್ತಿದೀನಿ.

ನಾನು ಆಫೀಸಲ್ಲಿ ಲೆಕ್ಕಪತ್ರ ನೋಡೋನು. ಬೆಂಗಳೂರಲ್ಲಿ ಕತ್ರಿಗುಪ್ಪೆ ಕಡೆ ಎರಡು ರೂಮಿನ ಬಾಡಿಗೆ ಮನೆ, ಮೂರನೇ ಮಹಡಿ, ಮನೇಲಿ ನಾಲ್ಕು ಜನ. ಕಥೆ ಬರೀತಿದ್ದೆ, ವಾರಪತ್ರಿಕೆ ದೀಪಾವಳಿ ವಿಶೇಷಾಂಕ ಅಂತ ಒಂದು ಹದಿನೆಂಟು ಬಂದಿರಬಹುದು, ಕಥೆಗೆ ಐನೂರೋ ಸಾವಿರವೋ ಕೊಡ್ತಾರೆ, ಕೆಲವರು ಅದೂ ಇಲ್ಲ. ಕಾದಂಬರಿ ಮಾತ್ರ ಮೂರು ವರ್ಷ ಎಳೆದ್ರೂ ಅರವತ್ತು ಪುಟ ದಾಟ್ಲಿಲ್ಲ. ಆಗ ನಿಮ್ಮೆಲ್ಲರ ತಲೇಗೆ ಬರೋದೇ ನನ್ನ ತಲೇಗೂ ಬಂತು, ಬರೆಯೋಕೆ ಸರಿಯಾದ ಜಾಗ ಇಲ್ಲ.

ಶಿವಾಜಿನಗರದ ಗುಜರಿ ಅಂಗಡೀಲಿ ಹಳೇ ಕಚೇರಿ ಮೇಜು ಒಂದು ಸಿಕ್ತು, ತೇಗದ್ದು, ಎರಡೂ ಕಡೆ ಡ್ರಾಯರು, ಮೇಲೆ ಹಸಿರು ರೆಕ್ಸಿನ್. 7,500 ರೂಪಾಯಿ. ಗೂಡ್ಸ್ ಆಟೋಗೆ 900. ಎರಡನೇ ಮಹಡಿ ಮೆಟ್ಟಿಲ ತಿರುವಲ್ಲಿ ಅದು ಎತ್ತ ತಿರುಗಿಸಿದ್ರೂ ಮೇಲಕ್ಕೂ ಹೋಗ್ಲಿಲ್ಲ ಕೆಳಕ್ಕೂ ಬರ್ಲಿಲ್ಲ, ಕೆಳಗಿನ ಮನೆಯವರು ಅರ್ಧ ದಿನ ಮೇಜಿನ ಕೆಳಗೆ ತೂರ್ಕೊಂಡು ಓಡಾಡಿದ್ರು. ಕಾಲು ಬಿಚ್ಚಿಸಿ ಮತ್ತೆ ಜೋಡಿಸೋಕೆ ಕಾರ್ಪೆಂಟರ್‌ಗೆ 600. ಅದರ ಮುಂದೆ ಹಾಕೋಕೆ ಚಕ್ರದ ಕುರ್ಚಿ, ಸೊಂಟಕ್ಕೆ ಒಳ್ಳೇದು ಅಂತ ಹೇಳಿ ಮಾರಿದ್ದು, 11,000. ಒಂದು ತಿಂಗಳು ಮೇಜು ಒರೆಸಿದೆ, ಪೆನ್ನು ಜೋಡಿಸಿದೆ, ದೀಪದ ಬಲ್ಬ್ ಬದಲಾಯಿಸಿದೆ, ಬರೆದಿದ್ದು ಏಳು ಪುಟ. ಎರಡನೇ ತಿಂಗಳು ಅದರ ಮೇಲೆ ಇಸ್ತ್ರಿ ಬಟ್ಟೆ ಬಂತು, ಆಮೇಲೆ ಮಗಳ ಟ್ಯೂಷನ್ ಪುಸ್ತಕ, ಆಮೇಲೆ ಮೇಜು ಯಾವ ಬಣ್ಣದ್ದು ಅಂತಾನೇ ಮರ್ತುಹೋಯ್ತು. ಕೊನೆಗೆ ನಾಲ್ಕು ಸಾವಿರಕ್ಕೆ ಕೊಟ್ಟೆ. ಕುರ್ಚಿ ಇನ್ನೂ ಇದೆ, ಮ್ಯಾಚ್ ನೋಡೋಕೆ ಅದರಷ್ಟು ಚೆನ್ನಾಗಿರೋದು ಇನ್ನೊಂದಿಲ್ಲ.

ಆಮೇಲೆ ಮಲೆನಾಡು. ಇದನ್ನ ಮಾಡದೇ ಇರೋ ಬೆಂಗಳೂರಿನ ಲೇಖಕ ಇದ್ರೆ ತೋರಿಸಿ. ಕೊಪ್ಪದ ಹತ್ರ ಹೋಂಸ್ಟೇ, ಜುಲೈ ತಿಂಗಳು, ಹತ್ತು ದಿನ, ಊಟ ಸೇರಿ 18,000. ಮಳೆ ಅಂದ್ರೆ ಮಳೆ, ಕರೆಂಟಿಲ್ಲ, ಕಡುಬು, ಕಳಲೆ ಪಲ್ಯ, ತಿಂದು ಕಂಬಳಿ ಹೊದ್ರೆ ಕಣ್ಣು ಬಿಡೋದು ಸಂಜೆ ಕಾಫಿಗೆ. ಮನೆ ಯಜಮಾನ್ರು ತುಂಬಾ ಒಳ್ಳೆಯವರು, ಅದೇ ಕಷ್ಟ ಆಗಿದ್ದು, ನಾನು ಬರೆಯೋನು ಅಂತ ಗೊತ್ತಾದ ದಿನದಿಂದ ಅವರ ತಂದೆ ಅಡಿಕೆ ತೋಟ ಮಾಡಿದ ಕಥೇನ ದಿನಕ್ಕೆ ಎರಡು ಗಂಟೆ ಹೇಳ್ತಿದ್ರು, "ಬರ್ಕೊಳ್ಳಿ ಬರ್ಕೊಳ್ಳಿ" ಅಂತ. ಹತ್ತು ದಿನಕ್ಕೆ ನಾಲ್ಕು ಪುಟ, ಅದ್ರಲ್ಲಿ ಮೂರು ಪುಟ ಮಳೆ ವರ್ಣನೆ, ಆ ಮೂರನ್ನೂ ಆಮೇಲೆ ಕಿತ್ತು ಹಾಕಿದೆ. ವಾಪಸ್ ಬರೋವಾಗ ಕುಪ್ಪಳಿಗೆ ಹೋದೆ. ಕುವೆಂಪು ಬೆಳೆದ ಆ ತೊಟ್ಟಿಮನೆ ಉಪ್ಪರಿಗೇಲಿ ನಿಂತು ಹೊರಗೆ ನೋಡ್ತಾ, ಇಂಥ ಜಾಗ ಇದ್ದಿದ್ರೆ ನಾವೂ ಬರೀತಿದ್ವಿ ಅಂತ ಒಂದು ನಿಟ್ಟುಸಿರು ಬಿಟ್ಟಿದ್ದೂ ಆಯ್ತು. ಬಸ್ಸಲ್ಲಿ ಕೂತ ಮೇಲೆ ತಲೆಗೆ ಬಂತು, ಅವರು ಮಹಾಕಾವ್ಯ ಬರೆದಿದ್ದು 1936ರಿಂದ 1946ರವರೆಗೆ, ಆಗ ಅವರು ಕಾಲೇಜಲ್ಲಿ ಪಾಠ ಹೇಳೋ ಮೇಷ್ಟ್ರು, ಸಂಸಾರಸ್ಥರು. ಉಪ್ಪರಿಗೆಗೂ ಅದಕ್ಕೂ ಏನು ಸಂಬಂಧ. ಹದಿನೆಂಟು ಸಾವಿರ ಕೊಟ್ಟು ಕಲಿತಿದ್ದು ಇಷ್ಟೇ.

ಕೆಫೆ ಪ್ರಯೋಗ ಬೇಗ ಹೇಳಿ ಮುಗಿಸ್ತೀನಿ. ಕಾಫಿ 240 ರೂಪಾಯಿ, ಎರಡು ಕುಡಿದ್ರೆ ಎರಡೂವರೆ ಗಂಟೆ ಕೂರೋಕೆ ಧೈರ್ಯ ಬರುತ್ತೆ, ಪಕ್ಕದ ಟೇಬಲ್ಲಿನ ಹುಡುಗ ಹುಡುಗಿ ಜಗಳ ನನ್ನ ಪಾತ್ರಗಳ ಮಾತಿಗಿಂತ ಚೆನ್ನಾಗಿರ್ತಿತ್ತು. ಅದನ್ನ ತಡೆಯೋಕೆ ಆರು ಸಾವಿರದ ಹೆಡ್‌ಫೋನು. ಅದ್ರಲ್ಲಿ ಹಾಡು ಕೇಳ್ಕೊಂಡು ಕೂತೆ.

ವಾಯ್ಸ್ ಟೈಪಿಂಗೂ ನೋಡಿದೆ, ಇದು ಪೂರ್ತಿ ದಂಡ ಅಂತ ಹೇಳಲ್ಲ. ಬೆಳಿಗ್ಗೆ ವಾಕಿಂಗ್‌ನಲ್ಲಿ ಫೋನಿಗೆ ಹೇಳ್ಕೊಂಡು ಹೋಗೋದು, ಪಾರ್ಕಲ್ಲಿ ಜನ ನನ್ನನ್ನ ನೋಡಿ ದಾರಿ ಬಿಡ್ತಿದ್ರು. ಸಂಭಾಷಣೆ ಚೆನ್ನಾಗಿ ಬರುತ್ತೆ. ಆದ್ರೆ ನಿರೂಪಣೆ ಹೇಳೋಕೆ ಶುರು ಮಾಡಿದ ತಕ್ಷಣ ನನ್ನ ಗಂಟಲು ವೇದಿಕೆ ಗಂಟಲಾಗುತ್ತೆ, "ಅಂದಿನ ಆ ಸಂಜೆ" ಅಂತೆಲ್ಲ. ಮೇಲಾಗಿ ನನ್ನ ಪಾತ್ರಗಳಲ್ಲಿ ಒಬ್ಬ ಬಾಗಲಕೋಟೆ ಕಡೆಯವನು, ಅವನ ಮಾತು ಮೊಬೈಲಿಗೆ ಹತ್ತೋದೇ ಇಲ್ಲ, ಅದು ಅವನನ್ನ ಎಳ್ಕೊಂಡು ಬಂದು ಬೆಂಗಳೂರಿನವನಾಗಿ ಮಾಡ್ಬಿಡುತ್ತೆ. ಈಗಲೂ ಜಗಳದ ದೃಶ್ಯ ಇದ್ರೆ ಮಾತ್ರ ಹೇಳಿಸಿ ಬರೆಸ್ಕೊತೀನಿ.

ಹಲಗೆ ಹುಟ್ಟಿದ್ದು ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಟೈಮಲ್ಲಿ. ಅವಳು ನಾಲ್ಕೂವರೆಗೆ ಎದ್ದು ರೂಮು ಹಿಡಿದ್ಳು, ಹಾಲಲ್ಲಿ ಅಮ್ಮ ಮಲಗಿರ್ತಾರೆ, ಲೈಟ್ ಹಾಕೋ ಹಾಗಿಲ್ಲ. ನಾನು ಅಡುಗೆಮನೆ ದಾಟಿ ಹಿಂದೆ ಬಟ್ಟೆ ಒಗೆಯೋ ಸಂದಿಗೆ ಹೋಗಿ ಬಕೆಟ್ ಬೋರಲು ಹಾಕ್ಕೊಂಡು ಕೂತೆ, ವಾಷಿಂಗ್ ಮಷೀನ್ ಮುಚ್ಚಳದ ಮೇಲೆ ಹಾಳೆ. ಬೇರೆ ಏನೂ ಮಾಡೋಕಿಲ್ಲ ಅಲ್ಲಿ. ಮುಂದೆ ಗೋಡೆ, ಎಡಕ್ಕೆ ಗೋಡೆ, ಬಲಕ್ಕೆ ಪೊರಕೆ. ಆರೂಕಾಲಿಗೆ ಹೆಂಡತಿ ಬಂದು "ಎದ್ದೇಳಿ, ಬಟ್ಟೆ ಹಾಕ್ಬೇಕು" ಅಂದಾಗ ನೋಡ್ತೀನಿ, ಎರಡು ಪುಟ ಆಗಿದೆ. ಮಾರನೇ ದಿನ ಮತ್ತೆ ಎರಡು. ಪರೀಕ್ಷೆ ಮುಗಿಯೋ ಹೊತ್ತಿಗೆ ಮೂವತ್ತು ಪುಟದ ಹತ್ರ. ಪರೀಕ್ಷೆ ಮುಗೀತು, ರೂಮಿಗೆ ವಾಪಸ್ ಹೋದೆ, ನಿಂತುಹೋಯ್ತು. ಆಗ ಗೊತ್ತಾಯ್ತು, ನನಗೆ ಬೇಕಿದ್ದಿದ್ದು ಇಷ್ಟು ಹೊತ್ತಿಗೆ ಖಾಲಿ ಮಾಡ್ಲೇಬೇಕು ಅನ್ನೋ ಜಾಗ. ಮೇಜು ಯಾವಾಗ್ಲೂ ನನ್ನದೇ ಆಗಿತ್ತು, ಆಮೇಲೆ ಬರೆದ್ರೂ ಆಗುತ್ತಿತ್ತು, ಅದಕ್ಕೇ ಬರೀಲಿಲ್ಲ.

ಹೆಂಡತಿಗೆ ಹೇಳಿದಾಗ ಅವಳಿಗೇನೂ ಆಶ್ಚರ್ಯ ಆಗ್ಲಿಲ್ಲ. "ಎಂ.ಕೆ. ಇಂದಿರಾ ಬರೆಯೋಕೆ ಶುರು ಮಾಡಿದ್ದು ನಲವತ್ತೈದು ವರ್ಷಕ್ಕೆ, ಅವರಿಗೆ ತೇಗದ ಮೇಜು ಯಾರು ಕೊಡಿಸಿದ್ರು?" ಅಂದ್ಳು. ಒಪ್ಪಂದ ಏನಂದ್ರೆ, ಆರು ಇಪ್ಪತ್ತಿಗೆ ನಾನು ಎದ್ದು ಅಕ್ಕಿ ಬೇಳೆ ತೊಳೆದು ಕುಕ್ಕರ್ ಇಡ್ಬೇಕು, ತರಕಾರಿ ಹೆಚ್ಚಿಕೊಡ್ಬೇಕು. ಇವತ್ತಿಗೂ ನಡೀತಿದೆ. ಫೋನು ಹಿಂದಿನ ರಾತ್ರೀನೇ ಅಕ್ಕಿ ಡಬ್ಬಿಗೆ ಹೋಗುತ್ತೆ, ಅಕ್ಕಿ ಅಳೆಯೋವರೆಗೂ ಅದು ನನಗೆ ಸಿಗಲ್ಲ. ಒಂದು ಸಲ ಡಬ್ಬಿ ಒಳಗಿಂದ ಅಲಾರಂ ಹೊಡ್ಕೊಂಡು ಅಮ್ಮ ಹೆದರಿ ಎದ್ದು ಕೂತಿದ್ರು, ಅದು ಬೇರೆ ವಿಷಯ.

ಆ ಸಂದಿ ಗೋಡೆಗೇ ಒಂದು ಹಲಗೆ ಹೊಡೆಯೋದು ಅಂತ ಆಯ್ತು. ಹಲಗೆ ಹಳೇ ಮಂಚದ್ದು, ದುಡ್ಡಿಲ್ಲ. ಬ್ರಾಕೆಟ್ ಜೋಡಿ 120. ಮೊದಲ ಸಲ ನಾನೇ ಹೊಡೆದೆ, ಗೋಡೆಗೆ ಮರದ ಗಟ್ಟ ಕೂರಿಸಿ ಸ್ಕ್ರೂ ಬಿಗಿದೆ. ನಮ್ಮನೆ ಗೋಡೆ ಸಿಮೆಂಟ್ ಬ್ಲಾಕಿಂದು, ಮಧ್ಯೆ ಟೊಳ್ಳು. ಒಂಬತ್ತನೇ ದಿನ ಮೊಣಕೈ ಊರಿದ ತಕ್ಷಣ ಗಟ್ಟ ಸಮೇತ ಕಿತ್ಕೊಂಡು ಬಂತು, ಬ್ರಿಲ್ ಇಂಕಿನ ಬಾಟ್ಲಿ ಹನ್ನೊಂದು ಪುಟದ ಮೇಲೆ ಬಿತ್ತು. ಏಳು ಪುಟ ಹೇಗೋ ಓದೋ ಹಾಗಿತ್ತು. ಉಳಿದ ನಾಲ್ಕನ್ನ ಮತ್ತೆ ಬರೆದೆ, ಆದ್ರೆ ಮೊದಲಿನ ಹಾಗೆ ಬರ್ಲಿಲ್ಲ, ಪುಸ್ತಕ ಸಿಕ್ಕವರು ಆರನೇ ಅಧ್ಯಾಯ ಓದಿ ನೋಡಿ, ಅಲ್ಲಿ ಒಂದು ಸಡಿಲ ಇದೆ, ಅದು ಈ ಇಂಕಿನ ಸಡಿಲ. ಆಮೇಲೆ ಕಾಂಕ್ರೀಟ್ ಕಾಲಂ ಇರೋ ಕಡೆಗೆ ಸರಿಸಿ ಡ್ರಿಲ್ಲಿಂಗ್‌ನವನನ್ನ ಕರೆಸಿ ಆಂಕರ್ ಬೋಲ್ಟ್ ಹಾಕಿಸಿದೆ, ಅವನಿಗೆ 300. ಒಟ್ಟು ಒಂದು ಐನೂರು ರೂಪಾಯಿ ಆಗಿರಬಹುದು. ಈ ಮುಂಚೆ ಹೋಗಿದ್ದನ್ನ ನೀವೇ ಕೂಡಿಸ್ಕೊಳ್ಳಿ, ನಾನು ಮನೇಲಿ ಕೂಡಿಸಿ ತೋರಿಸಿಲ್ಲ.

ಬೆನ್ನಿಲ್ಲದ ಸ್ಟೀಲ್ ಸ್ಟೂಲು. ಮೂರು ವಾರಕ್ಕೆ ಸೊಂಟ ಹಿಡ್ಕೊಂತು. ಆಗ ಸೇಬಿನ ಮರದ ಪೆಟ್ಟಿಗೆ ಒಂದನ್ನ ಹಲಗೆ ಮೇಲೆ ಬೋರಲು ಇಟ್ಟು, ಮೊದಲ ಪುಟ ಕೂತು, ಎರಡನೇದು ನಿಂತು ಬರೆಯೋಕೆ ಶುರು ಮಾಡಿದೆ. ನಿಂತು ಬರೆದಿದ್ರಲ್ಲಿ ವಾಕ್ಯ ಚಿಕ್ಕದಾಗಿ ಬರ್ತವೆ, ಬೇಕಾದ್ರೆ ನೀವು ನೋಡಿ. ದರ್ಶಿನೀಲಿ ನಿಂತ್ಕೊಂಡು ಎರಡು ನಿಮಿಷಕ್ಕೆ ಇಡ್ಲಿ ಮುಗಿಸೋ ಹಾಗೇ.

ಹಾಳೆ ವಿಷಯ. ಗೆರೆ ಇರೋ ಫುಲ್‌ಸ್ಕೇಪ್ ತಗೋಬೇಡಿ. ನಮ್ಮ ಒತ್ತಕ್ಷರ ಕೆಳಗಿನ ಗೆರೆಗೆ ಹೋಗಿ ಅಲ್ಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತೆ, ಬೇಗ ಬರೀವಾಗಂತೂ "ವಸ್ತ್ರ" "ಸ್ವಾತಂತ್ರ್ಯ" ಎಲ್ಲ ಎರಡು ಸಾಲು ತಿನ್ನುತ್ವೆ, ಆಮೇಲೆ ನಾವೇ ಅಕ್ಷರ ಸಣ್ಣ ಮಾಡ್ತೀವಿ, ಕೈ ನಿಧಾನ ಆಗುತ್ತೆ. ಆಫೀಸಲ್ಲಿ ಬಿಸಾಕೋ ಒಂದು ಮಗ್ಗುಲಿನ ಪ್ರಿಂಟ್ ಹಾಳೆ ಸಾಕು, ಪುಟಕ್ಕೆ ಇಪ್ಪತ್ತು ಸಾಲು, ನೂರ ಅರವತ್ತು ಪದದ ಹತ್ರ. ಪದ ಎಣಿಸೋದೂ ಬಿಟ್ಟೆ. ಇಂಗ್ಲಿಷಿನವರು ದಿನಕ್ಕೆ ಸಾವಿರ ಪದ ಅಂತಾರಲ್ಲ, ಅದನ್ನ ನಾವು ಇಟ್ಕೊಂಡ್ರೆ ಸತ್ತೇ ಹೋಗ್ತೀವಿ, ಅವರು ನಾಲ್ಕು ಪದದಲ್ಲಿ ಹೇಳೋದನ್ನ ನಮ್ಮ "ಹೋಗಬೇಕಾಗಿತ್ತಲ್ಲ" ಒಂದೇ ಏಟಿಗೆ ಹೇಳುತ್ತೆ, ಎಣಿಕೇಲಿ ಮಾತ್ರ ಒಂದೇ. ದಿನಕ್ಕೆ ಎರಡು ಪುಟ, ಅಷ್ಟೇ.

ಇನ್ನು ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು. ಏಳೋವಾಗ ವಾಕ್ಯ ಮುಗಿಸದೇ ಏಳಬೇಕು ಅಂತ ಎಲ್ರೂ ಹೇಳ್ತಾರೆ, ನಾನೂ ಮಾಡಿದ್ದೆ, ಎಲ್ಲೋ ಮಧ್ಯದಲ್ಲಿ ನಿಲ್ಲಿಸಿದ್ರೆ ಮಾರನೇ ದಿನ ಏನು ಹೇಳೋಕೆ ಹೊರಟಿದ್ದೆ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೇಗೆ ಬರುತ್ತಲ್ಲ, ಅದೊಂದನ್ನ ಮಾತ್ರ ಬಿಟ್ಟು ಏಳಬೇಕು. ಒಂದು ದಿನ "ಸರೋಜ ಬಾಗಿಲ ಹತ್ರ ಬಂದು ಚಪ್ಪಲಿ" ಅಂತ ಬರೆದು ಕುಕ್ಕರ್ ಇಡೋಕೆ ಎದ್ದೆ. ಮನಸ್ಸಲ್ಲಿ ಇದ್ದಿದ್ದು "ಬಿಟ್ಟಳು". ಆಫೀಸಿಗೆ ಹೋಗೋ ಬಸ್ಸಲ್ಲಿ ಅದೇ, ಊಟಕ್ಕೆ ಕೂತಾಗ ಅದೇ, ಚಪ್ಪಲಿ ಬಿಡ್ತಾಳಾ, ಮೆಟ್ಕೋತಾಳಾ, ಕೈಗೆ ಎತ್ಕೋತಾಳಾ. ಮಾರನೇ ಬೆಳಿಗ್ಗೆ ಕೈ ಬರೆದಿದ್ದು "ಹುಡುಕಿದಳು". ಅಂದ್ರೆ ಯಾರೋ ಅವಳ ಚಪ್ಪಲಿ ತಗೊಂಡು ಹೋಗಿದಾರೆ, ಮನೇಗೆ ಅವಳಿಗೆ ಗೊತ್ತಿಲ್ದೇ ಯಾರೋ ಬಂದು ಹೋಗಿದಾರೆ, ಅಲ್ಲಿಂದ ಹದಿನಾಲ್ಕು ಪುಟ ನಿಲ್ಲದೇ ಓಡ್ತು. ಮೂರು ವರ್ಷ ಕಗ್ಗಂಟಾಗಿದ್ದ ಕಥೆ ಅದೊಂದು ಚಪ್ಪಲಿಯಿಂದ ಬಿಚ್ಚಿಕೊಂಡಿದ್ದು.

ಕೂತ ತಕ್ಷಣ ಮೊದಲ ಐದು ನಿಮಿಷ ಏನೋ ಒಂದು ಓದ್ತೀನಿ, ಅದೇನು ಅಂತ ಫೋನ್ ಮಾಡಿದ ಆ ಇಬ್ರೂ ಆಮೇಲೆ ಕೇಳಿದ್ರು. ಅದನ್ನ ಹೇಳಲ್ಲ. ಅದು ಸಾಹಿತ್ಯದ ಪುಸ್ತಕ ಅಲ್ಲ ಅಂತ ಮಾತ್ರ ಹೇಳ್ತೀನಿ, ಮನೇಲೇ ಇರುತ್ತೆ.

ಕಾಫಿ ಮೊದಲೋ ಆಮೇಲೋ ಅಂತ ಒಂದು ತಿಂಗಳು ಪರೀಕ್ಷೆ ಮಾಡಿದೆ. ಮೊದಲು ಕುಡಿದ ದಿನ ಲೋಟ ಹಿಡ್ಕೊಂಡು ಹದಿನೈದು ನಿಮಿಷ ಹೋಗುತ್ತೆ. ಈಗ ಡಿಕಾಕ್ಷನ್ ರಾತ್ರೀನೇ ಹಾಕಿಡ್ತೀನಿ, ಫಿಲ್ಟರ್ ಕಣ್ಣೆದುರಿಗೇ ಇರುತ್ತೆ, ಮೊದಲ ಪುಟದ ಇಪ್ಪತ್ತನೇ ಸಾಲು ಆದ ಮೇಲೇ ಹಾಲು ಬಿಸಿ. ಭಾನುವಾರ ಜಾಸ್ತಿ ಟೈಮ್ ಇದೆ ಅಂತ ಒಂಬತ್ತು ಗಂಟೆವರೆಗೂ ಕೂತು ನೋಡಿದೆ, ಒಂದೂವರೆ ಪುಟ, ಅದೂ ಹರಿದು ಹಾಕೋ ಹಾಗಿತ್ತು. ಭಾನುವಾರ ಈಗ ರಜೆ.

ರಾತ್ರಿ ಊಟ ಆದ ಮೇಲೆ ಬೆಳಿಗ್ಗೆ ಬರೆದಿದ್ದನ್ನ ಟೈಪ್ ಮಾಡೋದು, ಅದೇ ಮೊದಲ ತಿದ್ದುಪಡಿ. ಇಲ್ಲಿ ಒಂದು ದೊಡ್ಡ ಪೆಟ್ಟು ತಿಂದೆ. ನಾನು ಟೈಪ್ ಮಾಡಿದ್ದು ಈಗ ಫೋನು ಕಂಪ್ಯೂಟರಲ್ಲೆಲ್ಲ ನಡೆಯೋ ಯೂನಿಕೋಡಲ್ಲಿ, ಪ್ರಕಾಶಕರ ಕಡೆ ಪುಟ ಜೋಡಿಸೋ ಡಿಟಿಪಿಯವರು "ನುಡಿ" ತಂತ್ರಾಂಶದ ಹಳೇ ಫಾಂಟಲ್ಲೇ ಬೇಕು ಅಂದ್ರು, ಕನ್ವರ್ಟ್ ಮಾಡಿ ಕಳಿಸಿದ್ದಾಯ್ತು, ಪ್ರೂಫ್ ಬಂದಾಗ ಅರ್ಕಾವತ್ತು ಅರ್ಧ ಜಾಗ ಬದಲಾಯಿಸಿದ್ವು, "ಸಾಫ್ಟ್‌ವೇರ್" ಅನ್ನೋದು ಒತ್ತು ತಗೊಂಡು ಒಂದೇ ಮುದ್ದೆ. ಇಪ್ಪತ್ತೆರಡು ದಿನ ಪ್ರೂಫ್ ನೋಡಿದೀನಿ, ಅದಕ್ಕೂ ಹಲಗೇನೇ ಗತಿ. ಅದಕ್ಕೇ ಹೇಳೋದು, ಬರೆಯೋಕೆ ಕೂರೋ ಮುಂಚೆ ಅವರಿಗೆ ಯಾವುದು ಬೇಕು ಅಂತ ಕೇಳ್ಬಿಡಿ.

ಲೆಕ್ಕ ನೆನಪಿದ್ದ ಮಟ್ಟಿಗೆ ಹೀಗೆ. ಐದೂವರೆ ತಿಂಗಳಲ್ಲಿ ಕೂತಿದ್ದು ನೂರ ನಲವತ್ತು ಬೆಳಿಗ್ಗೆ, ಇನ್ನೂರ ಎಂಬತ್ತು ಹಾಳೆ ಸುಮಾರು, ಅಚ್ಚಾದ ಮೇಲೆ ಡೆಮಿ ಸೈಜಲ್ಲಿ, ಅಂದ್ರೆ ಮಾಮೂಲಿ ಪುಸ್ತಕದ ಅಳತೇಲಿ, ಇನ್ನೂರ ಹತ್ತು ಪುಟ. ಗೌರವಧನದ ಬದಲು ಐವತ್ತು ಪ್ರತಿ ಕೊಟ್ಟಿದಾರೆ, ಅದ್ರಲ್ಲಿ ಮೂವತ್ತು ನೆಂಟರಿಗೇ ಹೋಯ್ತು, ಓದಿದವರು ಮೂವರು. ನಕ್ಕಿದ್ದ ಆ ಇಬ್ರಿಗೂ ಒಂದೊಂದು ಕೊಟ್ಟೆ, ದುಡ್ಡು ತಗೊಂಡೇ ಕೊಟ್ಟೆ.

ಈಗ ಮನೆ ಬದಲಾಯಿಸ್ತಿದೀವಿ. ಹೊಸ ಮನೇಲಿ ಒಂದು ರೂಮು ಜಾಸ್ತಿ ಇದೆ, ಹೆಂಡತಿ ಅದನ್ನ ನನಗೇ ಅಂದ್ಳು, ಬೇಡ ಅಂದೆ, ನೋಡೋಕೆ ಹೋದಾಗ ಮೊದಲು ಹಿಂದಿನ ಸಂದಿಗೆ ಹೋಗಿ ಗೋಡೆ ತಟ್ಟಿ ನೋಡಿದೆ, ಇಟ್ಟಿಗೆ ಗೋಡೆ, ಗಟ್ಟಿ ಇದೆ. ಹಲಗೆ ಬಿಚ್ಚಿಟ್ಟಿದೀನಿ. ಈ ಮನೆ ಓನರ್ ಮಾತ್ರ ಗೋಡೇಲಿರೋ ತೂತು ಎಣಿಸ್ಕೊಂಡು ಹೋಗಿದಾರೆ, ಅಡ್ವಾನ್ಸಲ್ಲಿ ಎಷ್ಟು ಹಿಡ್ಕೋತಾರೋ ಇನ್ನೂ ಹೇಳಿಲ್ಲ.