ಗಣಪತಿ ಬಣ್ಣದ ಹೊತ್ತಿಗೆ ಕೈಕೊಟ್ಟ ಕಂಪ್ರೆಸರ್

ಆಷಾಢ ಕಳೆದು ಗಣೇಶನ ಕೆಲಸ ಮೈಮೇಲೆ ಬಂದಿದ್ದ ಹೊತ್ತು. ಮೈಸೂರಿನ ಕುಂಬಾರಗೇರಿಯಿಂದ ತಂದ ಮಣ್ಣಿನ ಗಣಪತಿಗಳು ಮನೆ ವರಾಂಡದಲ್ಲಿ ಸಾಲಾಗಿ ಕೂತಿದ್ದವು. ಕೆನ್ನೆಗೆ, ಸೊಂಡಿಲಿಗೆ ಏರ್‌ಬ್ರಷ್‌ನಲ್ಲಿ, ಅಂದರೆ ಗಾಳಿಯಿಂದ ಬಣ್ಣ ಊದುವ ಬ್ರಷ್‌ನಲ್ಲಿ, ಶೇಡ್ ಕೊಡಬೇಕು. ಆಗಲೇ ಅದಕ್ಕೆ ಗಾಳಿ ಒತ್ತಿ ಕೊಡುವ ಕಂಪ್ರೆಸರ್ ಹಠ ಹಿಡಿಯಿತು.

ನನ್ನದು ಮೂರು ಲೀಟರ್ ಟ್ಯಾಂಕಿನ, ಆಯಿಲ್ ಬೇಡದ ಪಿಸ್ಟನ್ ಮೆಷಿನ್. ಗಾಳಿಯ ಒತ್ತಡ 57 ಪಿಎಸ್‌ಐ (ಒತ್ತಡದ ಅಳತೆ) ಮುಟ್ಟಿದರೆ ತಾನೇ ನಿಲ್ಲುತ್ತೆ, 43ಕ್ಕೆ ಇಳಿದರೆ ಮತ್ತೆ ಶುರು. ಬ್ರಷ್ ಮುಟ್ಟದೇ ಇದ್ದರೂ ಈಗ ಎರಡು ನಿಮಿಷಕ್ಕೊಮ್ಮೆ ಗುರ್ರ್ ಅನ್ನತೊಡಗಿತ್ತು. ಅರ್ಧ ಗಂಟೆಯಲ್ಲಿ ಪಿಸ್ಟನ್ ಮೇಲಿನ ಹೆಡ್ ಕೈ ಇಡಲಾಗದಷ್ಟು ಕಾದು, ಮೋಟಾರಿನ ಥರ್ಮಲ್ ಕಟ್‌ಔಟ್ (ಕಾದರೆ ಕರೆಂಟ್ ಕಡಿಯುವ ಸ್ವಿಚ್) ಬಿದ್ದು ಸುಮ್ಮನಾಗುತ್ತಿತ್ತು. ಆರಿದ ಮೇಲೆ ಮತ್ತೆ ಅದೇ ಕಥೆ.

ರಿಪೇರಿಯವರಿಗೆ ತೋರಿಸಿದೆ. ಕಿವಿ ಹತ್ತಿರ ಹಿಡಿದು, "ಸ್ವಿಚ್ ಹೋಗಿದೆ ಸಾರ್, ಮೋಟಾರೂ ಡೌಟು" ಅಂದರು. ಅವರು ಹೇಳಿದ ರೇಟು ಕೇಳಿ ಮೆಷಿನ್ ಎತ್ತಿಕೊಂಡು ಮನೆಗೆ ಬಂದೆ.

ಮೊದಲು ಹೋಸ್ ಕಳಚಿ, ಬ್ರಷ್ಷಿಗೆ ಹೋಗುವ ಗಾಳಿಯ ಒತ್ತಡ ಹೊಂದಿಸುವ ರೆಗ್ಯುಲೇಟರ್ ಪೂರ್ತಿ ಮುಚ್ಚಿದೆ. ಆದರೂ ಒತ್ತಡ ತೋರಿಸುವ ಮುಳ್ಳು ಇಳಿಯುತ್ತಲೇ ಇತ್ತು. ಅಂದರೆ ಬ್ರಷ್ಷು, ಹೋಸಿನದು ತಪ್ಪಲ್ಲ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಎಲ್ಲ ಜಾಯಿಂಟಿಗೂ ಹಚ್ಚಿದೆ. ಗಾಳಿಯ ನೀರು ಹಿಡಿಯುವ ವಾಟರ್ ಟ್ರ್ಯಾಪ್ ಬಟ್ಟಲಿನ ಹತ್ತಿರ ಒಂದೆರಡು ಗುಳ್ಳೆ, ಬಿಗಿ ಮಾಡಿದೆ, ಹೋಯಿತು. ಗುಳ್ಳೆ ಬುಸಬುಸ ಎದ್ದದ್ದು ಪ್ರೆಶರ್ ಸ್ವಿಚ್ಚಿನ (ಒತ್ತಡ ನೋಡಿ ಮೋಟಾರನ್ನು ಹಾಕಿ ನಿಲ್ಲಿಸುವ ಸ್ವಿಚ್) ಕೆಳಗಿನ ಸಣ್ಣ ವಾಲ್ವಿನಲ್ಲಿ. ರಿಪೇರಿಯವರ ಕಿವಿ ಸುಳ್ಳು ಹೇಳಿರಲಿಲ್ಲ.

ಆದರೆ ಆ ವಾಲ್ವಿನ ಕೆಲಸವೇ ಗಾಳಿ ಬಿಡೋದು. ಮೋಟಾರ್ ನಿಂತ ಕೂಡಲೇ 'ಪುಸ್' ಅಂತ ಒಂದು ಸಲ ಸದ್ದು ಬರುತ್ತಲ್ಲ, ಅದೇ ಇದು. ಪಿಸ್ಟನ್ ಮೇಲೆ ಒತ್ತಡ ಉಳಿದರೆ ಪುಟ್ಟ ಮೋಟಾರ್ ಮುಂದಿನ ಸಲ ಎತ್ತಲಾರದೆ ಮುಲುಗುತ್ತೆ, ಅದಕ್ಕೇ ಹೆಡ್ಡಿನಿಂದ ಟ್ಯಾಂಕಿಗೆ ಹೋಗುವ ಪೈಪನ್ನು ಖಾಲಿ ಮಾಡುತ್ತೆ. ಒಂದೇ ಸಲ 'ಪುಸ್' ಅನ್ನಬೇಕು. ನಿಲ್ಲದೆ ಬರುತ್ತಿದೆ ಅಂದರೆ ಪೈಪಿಗೆ ಟ್ಯಾಂಕಿನ ಗಾಳಿ ಹಿಂದಕ್ಕೆ ಬರುತ್ತಿದೆ. ಅದನ್ನು ತಡೆಯಬೇಕಾದದ್ದು ಟ್ಯಾಂಕಿನ ಬಾಯಲ್ಲಿರುವ ಚೆಕ್ ವಾಲ್ವ್, ಗಾಳಿಯನ್ನು ಒಂದೇ ಕಡೆ ಬಿಡುವ ವಾಲ್ವ್. ಸ್ವಿಚ್ ಬದಲಾಯಿಸಿದ್ದರೆ ಹೊಸ ಸ್ವಿಚ್ಚೂ ಹೀಗೇ ಬುಸುಗುಡುತ್ತಿತ್ತು!

ಪ್ಲಗ್ ಕಿತ್ತು, ಟ್ಯಾಂಕಿನ ಗಾಳಿ ಪೂರ್ತಿ ಖಾಲಿ ಮಾಡಿ, ಮುಳ್ಳು ಸೊನ್ನೆಗೆ ಬಂದ ಮೇಲೆ ಚೆಕ್ ವಾಲ್ವಿಗೆ ಸ್ಪ್ಯಾನರ್ ಹಾಕಿದೆ. ಇದರಲ್ಲಿ ಅವಸರ ಬೇಡ. ಹಿತ್ತಾಳೆ ಮೈಯೊಳಗೆ ಒಂದು ಸ್ಪ್ರಿಂಗು, ಅಂಗಿ ಗುಂಡಿಯಷ್ಟೇ ದೊಡ್ಡ ಒಂದು ರಬ್ಬರ್ ಬಿಲ್ಲೆ. ಬಿಲ್ಲೆಯ ಮೇಲೆ ಬಳೆಯ ಹಾಗೆ ಗುಂಡಗೆ ಅಚ್ಚು ಬಿದ್ದು, ಆ ಗೀರಿನಲ್ಲಿ ಕಾಫಿ ಗಸಿಯಂಥ ಕಂದು ಕೆಸರು ಕೂತಿತ್ತು. ತುಕ್ಕು ನೀರು.

ಬಿಲ್ಲೆ ಒರೆಸಿ ಮಗುಚಿ ಹಾಕಿದೆ, ಅಚ್ಚು ಬೀಳದ ಮಗ್ಗುಲು ಕೂರುವ ಹಾಗೆ. ವಾಲ್ವಿನ ತಿರುಪಿನ ಎಳೆಗೆ ಟೆಫ್ಲಾನ್ ಟೇಪ್ ಮೂರು ಸುತ್ತು. ಮೊದಲನೇ ಎಳೆ ಬಿಟ್ಟು ಸುತ್ತಬೇಕು, ಇಲ್ಲದಿದ್ದರೆ ಚೂರು ಒಳಗೆ ಹೋಗಿ ಅದೇ ಬಿಲ್ಲೆಗೆ ಸಿಕ್ಕಿಕೊಳ್ಳುತ್ತೆ. 57ಕ್ಕೆ ಏರಿ ನಿಂತಿತು, 'ಪುಸ್' ಅಂತು, ಮತ್ತೆ ಸದ್ದಿಲ್ಲ. ಕಾಫಿ ಕುಡಿದು ಬಂದು ನೋಡಿದರೆ ಮುಳ್ಳು ಅಲ್ಲೇ. ಆ ಸೀಸನ್ ಪೂರಾ ಅದರಲ್ಲೇ ಕಳೆದೆ. ಹೊಸ ಚೆಕ್ ವಾಲ್ವ್ ಹಾಕಿದ್ದು ದಸರಾ ಗೊಂಬೆ ಕೆಲಸಕ್ಕೆ ಮುಂಚೆ. ಹಳೆಯದನ್ನು ಜೇಬಿನಲ್ಲೇ ಇಟ್ಟುಕೊಂಡು ಅಂಗಡಿಗೆ ಹೋಗಿದ್ದೆ, ಎಳೆಯ ಸೈಜು ಬಾಯಲ್ಲಿ ಹೇಳಿದರೆ ತಪ್ಪಿಹೋಗುತ್ತೆ.

ಕೆಸರಿಗೆ ಕಾರಣ ನಾನೇ. ಮಳೆಗಾಲದ ತೇವದ ಗಾಳಿಯನ್ನು ಒತ್ತಿ ತುಂಬಿದರೆ ಅದರ ತೇವ ಟ್ಯಾಂಕಿನಲ್ಲಿ ತಣ್ಣಗಾಗಿ ನೀರಾಗುತ್ತೆ, ಆ ನೀರು ಬಿಡುವ ತಳದ ಡ್ರೈನ್ ಸ್ಕ್ರೂ ನಾನು ಎರಡು ವರ್ಷ ಮುಟ್ಟಿಯೇ ಇರಲಿಲ್ಲ. ಅವತ್ತು ಬಿಚ್ಚಿದಾಗ ಅರ್ಧ ಲೋಟ ಬಂತು. "ಇದನ್ನೇನಾ ಇಷ್ಟು ದಿನ ಗಣಪತಿ ಮುಖಕ್ಕೆ ಊದ್ತಿದ್ದಿದ್ದು?" ಅಂದಳು ನನ್ನ ಹೆಂಡತಿ.